ಅಪ್ಪ ತೀರಿಕೊಂಡ ವರ್ಷ ಹಿಡಿದು ಬರಬೇಡಿ

"ಸಾರ್, ನಮ್ಮಪ್ಪ ಹೋಗಿದ್ದು 2001ರಲ್ಲಿ. ಅಕ್ಕನಿಗೆ ಪಾಲು ಬರಲ್ಲ ಅಲ್ವಾ?" ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಬರೆಯುತ್ತೇನೆ.

ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ, ಅದೇ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆ ದಿನ ಅಪ್ಪನೂ ಬದುಕಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು, ಜನರ ತಲೆಯಲ್ಲಿ ಇನ್ನೂ ಕೂತಿರುವುದು ಅದೇ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತಳ್ಳಿಹಾಕಿತು. ಮಗನಂತೆ ಮಗಳಿಗೂ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2005ರಲ್ಲಿ ಅಪ್ಪ ಇದ್ದರೋ ಇಲ್ಲವೋ, ಮದುವೆಗೆ ಎಷ್ಟು ಖರ್ಚು ಮಾಡಿದಿರೋ, ಪಹಣಿಯಲ್ಲಿ ಅವಳ ಹೆಸರಿದೆಯೋ ಇಲ್ಲವೋ, ಇದ್ಯಾವುದರಿಂದಲೂ ಆ ಹಕ್ಕು ಹೋಗುವುದಿಲ್ಲ.

ಹಾಗಂತ ಎಲ್ಲ ಆಸ್ತಿಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ಅಪ್ಪ ಸ್ವಂತ ದುಡಿದು ಕೊಂಡ ಸೈಟನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟಕ್ಕೆ, ರಿಜಿಸ್ಟರ್ ಆದ ಅಥವಾ ಕೋರ್ಟ್ ಡಿಕ್ರಿಯಾದ ವಿಭಾಗಕ್ಕೆ ರಕ್ಷಣೆ ಇದೆ. ಕಾಗದ ನೋಡದೆ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಮೊನ್ನೆ ಅಣ್ಣ ತಮ್ಮ ಇಬ್ಬರು ಪ್ಲಾಸ್ಟಿಕ್ ಕವರಿನಿಂದ 1998ರ ಪಾಲುಪಟ್ಟಿ ತೆಗೆದರು. ಬಿಳಿ ಹಾಳೆ, ಮಡಿಕೆಯಲ್ಲಿ ಹರಿದು ಅಂಟು ಹಾಕಿದ್ದು, ಕೆಳಗೆ ಪಂಚರ ಐದು ಹೆಬ್ಬೆಟ್ಟು. ರಿಜಿಸ್ಟರ್ ಆಗಿಲ್ಲ. ಇಂಥ ಕಾಗದವನ್ನು, ಬಾಯಿಮಾತಿನ ಪಾಲನ್ನು ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ. ಆಗಿನಿಂದಲೇ ಬೇರೆ ಬೇರೆ ಖಾತೆ, ಕಂದಾಯ ಎಂದು ಗಟ್ಟಿ ಸರ್ಕಾರಿ ದಾಖಲೆ ಇದ್ದರೆ ಮಾತ್ರ, ಅದೂ ಅಪರೂಪಕ್ಕೆ. ಇವರ ಪಹಣಿ ಇವತ್ತಿಗೂ ಜಂಟಿ.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆದೆ. "ಅವತ್ತು ಪಂಚರಿಗೆಲ್ಲ ಕಾಫಿ ಕೊಟ್ಟಿದ್ದು ನಾನೇ ಸಾರ್. ನಿನಗೇನು ಬೇಕಮ್ಮ ಅಂತ ಒಬ್ಬರೂ ಕೇಳಲಿಲ್ಲ" ಎಂದರು. ತಮ್ಮ ತಲೆ ತಗ್ಗಿಸಿದ.

ಬೇಡ ಎನ್ನುವ ಹಕ್ಕೂ ಅವರದೇ. ಆದರೆ ಅದಕ್ಕೆ ಅವರೇ ಒಪ್ಪಿ, ಓದಿಸಿಕೊಂಡು, ಸಬ್ ರಿಜಿಸ್ಟ್ರಾರ್ ಮುಂದೆ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಬೇಕು. ಸುಮ್ನೆ ಹಾಳೆ ಮೇಲೆ ಸಹಿ ಹಾಕಿಸಿಕೊಂಡರೆ ಆಗದು. ಆ ಅಕ್ಕ ಬೇಡ ಅನ್ನಲಿಲ್ಲ. ಬಾವಿ ಪಕ್ಕದ ಹತ್ತು ಗುಂಟೆ ಸಾಕು ಎಂದರು. ಅಳತೆಗೆ ಅರ್ಜಿ ಹಾಕಿ ಬನ್ನಿ ಎಂದು ಮೂವರನ್ನೂ ಕಳಿಸಿದ್ದೇನೆ.