ಕುರಿಗೆ ಮೈಲುತುತ್ತ ಎಷ್ಟು ಹಾಕಬೇಕು?

ಪ್ರಶ್ನೆ: ಶಿಕಾರಿಪುರ ತಾಲ್ಲೂಕಿನಲ್ಲಿ ಮೂವತ್ತು ಕುರಿ ಸಾಕಿದ್ದೇವೆ. ಮಳೆಗಾಲ ಮುಗಿದರೂ ಮರಿಗಳು ಮೈ ಹಿಡಿಯುತ್ತಿಲ್ಲ. ತಾಯಿಕುರಿಗಳ ಉಣ್ಣೆ ಉದುರುತ್ತಿದೆ, ಕೊಟ್ಟಿಗೆಯ ಗೋಡೆಯನ್ನು ನೆಕ್ಕುತ್ತವೆ. ಇದು ತಾಮ್ರದ ಕೊರತೆ, ನೀರಿಗೆ ಚಿಟಿಕೆ ಮೈಲುತುತ್ತ ಹಾಕಿ ಕುಡಿಸಿ ಎಂದು ಊರಿನ ಹಿರಿಯರು ಹೇಳುತ್ತಾರೆ. ಎಷ್ಟು ಹಾಕಬೇಕು?

ಉತ್ತರ: ಹಾಕಲೇಬೇಡಿ.

ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಈ ಪ್ರಶ್ನೆ ಬರುತ್ತದೆ. ಹಾಕಬಹುದೇ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಎಂದೇ ಕೇಳುತ್ತಾರೆ. ಆದ್ದರಿಂದ ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ, ಹೇಳಿದ ಹಿರಿಯರಿಗೂ ಓದಿ ಹೇಳಿ.

ಮೈಲುತುತ್ತದ ತೂಕದಲ್ಲಿ ಕಾಲು ಭಾಗ ಶುದ್ಧ ತಾಮ್ರ. ಒಂದು ಗ್ರಾಂ ಮೈಲುತುತ್ತವೆಂದರೆ 250 ಮಿಲಿಗ್ರಾಂ ತಾಮ್ರ. ದಿನಕ್ಕೆ ಒಂದು ಕಿಲೋದಷ್ಟು ಒಣಮೇವಿನ ಅಂಶ ತಿನ್ನುವ ಕುರಿಗೆ ಬೇಕಾದ ತಾಮ್ರ ಸುಮಾರು 7 ಮಿಲಿಗ್ರಾಂ. ಅದರ ಬಹುಪಾಲು ಹುಲ್ಲು ಸೊಪ್ಪಿನಲ್ಲೇ ಸಿಗುತ್ತದೆ. ಒಂದು ಗ್ರಾಂ ಕುಡಿಸಿದರೆ ಒಂದು ತಿಂಗಳಿಗೂ ಮಿಕ್ಕ ತಾಮ್ರವನ್ನು ಒಂದೇ ಗುಟುಕಿನಲ್ಲಿ ಹೊಟ್ಟೆಗೆ ಇಳಿಸಿದಂತೆ. ಕುರಿಯ ಮೈತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ತಾಮ್ರ ಒಮ್ಮೆಲೇ ಹೋದರೂ ಪ್ರಾಣಕ್ಕೆ ಅಪಾಯವಿದೆ. 25 ಕಿಲೋ ಕುರಿಗೆ ಲೆಕ್ಕ ಹಾಕಿ ನೋಡಿ: ಎರಡು ಗ್ರಾಂ ಮೈಲುತುತ್ತ.

ಇನ್ನು ಚಿಟಿಕೆ ಎಂದರೆ ಎಷ್ಟು? ಒಮ್ಮೆ ಒಂದು ಮನೆಯ ಜಗಲಿಯಲ್ಲಿ ಸಣ್ಣ ತಕ್ಕಡಿ ಇಟ್ಟು ತೂಗಿ ನೋಡಿದೆ. ಮನೆಯ ಯಜಮಾನರು ಎರಡು ಬೆರಳಲ್ಲಿ ತೆಗೆದ ಚಿಟಿಕೆ ಅರ್ಧ ಗ್ರಾಂ ತೂಗಿತು. ಅವರ ಅಣ್ಣ ಮೂರು ಬೆರಳು ಸೇರಿಸಿ ತೆಗೆದದ್ದು ಎರಡು ಗ್ರಾಂ ದಾಟಿತು. ಇಬ್ಬರೂ ಕುರಿಗೆ ಕುಡಿಸುತ್ತಿದ್ದದ್ದು ಒಂದೊಂದು ಚಿಟಿಕೆಯೇ.

ನಮ್ಮಪ್ಪನ ಕಾಲದಲ್ಲಿ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಇದನ್ನೇ ಕುಡಿಸುತ್ತಿದ್ದರು, ಕುರಿಗಳು ಚೆನ್ನಾಗಿದ್ದವು ಎನ್ನುತ್ತೀರಿ. ಅದು ಸುಳ್ಳಲ್ಲ. ಆಗ ಅದನ್ನು ಕುಡಿಸುತ್ತಿದ್ದದ್ದು ಜಂತುಹುಳುವಿಗೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುವಿಗೆ ಮೈಲುತುತ್ತದ ತೆಳು ದ್ರಾವಣವನ್ನು ಪಶುವೈದ್ಯರೇ ಅಳತೆ ಮಾಡಿ ಕೊಡುತ್ತಿದ್ದರು, ಏಕೆಂದರೆ ಬೇರೆ ಒಳ್ಳೆಯ ಔಷಧಿ ಇರಲಿಲ್ಲ. 1961ರಲ್ಲಿ ಥಯಾಬೆಂಡಜೋಲ್ ಎಂಬ ಜಂತುಹುಳುವಿನ ಔಷಧಿ ಬಂದ ಮೇಲೆ ಆ ಅಗತ್ಯ ಮುಗಿಯಿತು. ಹುಳು ಬಿದ್ದು ಕುರಿ ಚೇತರಿಸಿಕೊಂಡದ್ದನ್ನು ಕಂಡವರು ತಾಮ್ರ ಸಿಕ್ಕಿದ್ದರಿಂದ ಚೇತರಿಸಿತು ಎಂದುಕೊಂಡರು. ಔಷಧಿ ಹೋಯಿತು, ತಪ್ಪು ಕಾರಣ ಮಾತ್ರ ಊರಲ್ಲಿ ಉಳಿಯಿತು.

ಎಮ್ಮೆ ದನಕ್ಕೆ ಏನೂ ಆಗುವುದಿಲ್ಲವಲ್ಲ ಎಂಬ ಮಾತೂ ಇದೆ. ದನದ ದೇಹ ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. ಕುರಿಗೆ ಆ ಶಕ್ತಿ ಬಹಳ ಕಡಿಮೆ, ಬಂದದ್ದನ್ನೆಲ್ಲ ಯಕೃತ್ತಿನಲ್ಲಿ ಕೂಡಿಡುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ದೂರದ ನಡಿಗೆ, ಜೋರು ಮಳೆ, ಮೇವಿನ ಬದಲಾವಣೆ, ಏನೋ ಒಂದು ನೆಪ ಸಾಕು. ಕೂಡಿಟ್ಟ ತಾಮ್ರ ಒಮ್ಮೆಲೇ ರಕ್ತಕ್ಕೆ ಸುರಿದು ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣು, ಒಸಡು ಹಳದಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಎರಡು ಮೂರು ದಿನಗಳಲ್ಲಿ ಸಾವು. ಅಂಥ ಕುರಿಯ ಶವಪರೀಕ್ಷೆ ಮಾಡಿದವರು ಮರೆಯುವುದಿಲ್ಲ. ಚರ್ಮ ಬಿಡಿಸಿದರೆ ಕೊಬ್ಬೆಲ್ಲ ಅರಿಶಿನ ಹಚ್ಚಿದಂತಿರುತ್ತದೆ, ಮೂತ್ರಪಿಂಡ ಹೊರತೆಗೆದರೆ ನೇರಳೆ ಹಣ್ಣಿನಷ್ಟು ಕಪ್ಪು. ಕುಡಿಸಿ ಎರಡು ತಿಂಗಳಾಗಿರುವುದರಿಂದ ಮನೆಯವರಿಗೆ ಮೈಲುತುತ್ತದ ನೆನಪೇ ಇರುವುದಿಲ್ಲ. ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ.

ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕುವುದೂ ಇದೇ ದಾರಿ. ಪೊಟ್ಟಣದ ಮೇಲೆ ತಾಮ್ರ 0.1 ಶೇಕಡಾ ಎಂದಿದ್ದರೆ 50 ಗ್ರಾಂನಲ್ಲಿ 50 ಮಿಲಿಗ್ರಾಂ ತಾಮ್ರವಿರುತ್ತದೆ. ಹಸುವಿಗೆ ಅದು ಸರಿ, ಕುರಿಗೆ ದಿನವೂ ವಿಷ. ಕುರಿಗೆಂದೇ ಬರೆದಿರುವ ಪೊಟ್ಟಣವನ್ನು ಕೇಳಿ ಪಡೆಯಿರಿ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಬಯಲುಸೀಮೆಯ ಕುರಿಗಾರರಿಗೆ ಇದು ಗೊತ್ತಿರುವುದಿಲ್ಲ. ಅಡಿಕೆ ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಕೆಲಸ ಮಾಡಿದ್ದರು. ಅಲ್ಲಿಂದ ಇಂದಿನವರೆಗೂ ನಮ್ಮ ತೋಟಗಳ ಮುಖ್ಯ ಔಷಧಿ ಬೋರ್ಡೋ ದ್ರಾವಣವೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಮತ್ತೊಮ್ಮೆ. ಅಡಿಕೆ ಮರ ಹತ್ತುವ ಕೊನೆಗಾರ ಮರದ ಮೇಲೆ ಹೊಡೆದದ್ದರಲ್ಲಿ ಎಷ್ಟೋ ಪಾಲು ಕೆಳಗಿನ ಹುಲ್ಲಿನ ಮೇಲೆ ಸೋರುತ್ತದೆ. ಬಿದ್ದ ಅಡಿಕೆ ಹಾಳೆಯ ಮೇಲೆ ತಿಳಿನೀಲಿ ಕಲೆ ಕಂಡಿರಬೇಕು, ಅದೇ. ವರ್ಷಗಳ ಕಾಲ ಹೊಡೆದ ತೋಟದ ಮಣ್ಣಿನಲ್ಲೂ ತಾಮ್ರ ಕೂಡಿಕೊಂಡಿರುತ್ತದೆ. ಆ ಹುಲ್ಲನ್ನು ಕೊಯ್ದು ಕುರಿಗೆ ಹಾಕುವ ಮನೆಯಲ್ಲಿ ತಾಮ್ರದ ಕೊರತೆಗೆಂದು ಮತ್ತೆ ತಾಮ್ರ ಕುಡಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಔಷಧಿ ಹೊಡೆಯುವ ತೋಟಕ್ಕೆ ಕುರಿ ಬಿಡಬೇಡಿ, ಆ ಹುಲ್ಲು ದನಕ್ಕಿರಲಿ. ಅದೂ ನಾಲ್ಕು ಮಳೆಗೆ ತೊಳೆದ ಮೇಲೆ.

ಈಗ ನಿಮ್ಮ ಮರಿಗಳ ಕಥೆ. ಮೊದಲು ಕೆಳರೆಪ್ಪೆ ಬಿಡಿಸಿ ನೋಡಿ. ಒಳಭಾಗ ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಇದ್ದರೆ, ಜಂತುಹುಳು ಅಥವಾ ಗದ್ದೆ ಬಯಲಿನ ಬಸವನಹುಳುವಿನಿಂದ ಬರುವ ಯಕೃತ್ತಿನ ಚಪ್ಪಟೆ ಹುಳು ಎಂದು ಮೊದಲು ಅನುಮಾನಿಸಿ. ಸಗಣಿ ಪರೀಕ್ಷೆ ಮಾಡಿಸಿ ಔಷಧಿ ಕೊಡಿಸಿ. ಉಣ್ಣೆ ಉದುರಲು ಹೇನು, ಕಜ್ಜಿ, ಹಿಂದೆ ಬಂದುಹೋದ ಜ್ವರ, ಹಸಿವು, ಎಲ್ಲವೂ ಕಾರಣವಾಗಬಹುದು. ಗೋಡೆ ನೆಕ್ಕುವುದಕ್ಕೆ ಉಪ್ಪು, ರಂಜಕದ ಕೊರತೆಯನ್ನು ಮೊದಲು ನೋಡಬೇಕು.

ಹುಳು ಹೋಗಿ, ಮೇವೂ ಇದ್ದು, ಮೊಲೆ ಬಿಟ್ಟ ಮರಿ ಸೊರಗಿ ಕಣ್ಣಲ್ಲಿ ನೀರು ಸುರಿಸುತ್ತಾ ನಿಂತರೆ ನನ್ನ ಅನುಮಾನ ಕೋಬಾಲ್ಟ್ ಎಂಬ ಖನಿಜದ ಕೊರತೆಯ ಕಡೆಗೆ. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಕೋಬಾಲ್ಟ್ ಬಳಸಿ ಬಿ12 ಜೀವಸತ್ವ ತಯಾರಿಸುತ್ತವೆ. ಬೇಕಾದದ್ದು ಕಿಲೋ ಒಣಮೇವಿಗೆ 0.1 ಮಿಲಿಗ್ರಾಂ ಅಷ್ಟೇ, ಆದರೆ ಅದು ದಿನವೂ ಬೇಕು. ಭಾರೀ ಮಳೆಗೆ ತೊಳೆದುಹೋದ ಜಂಬಿಟ್ಟಿಗೆ ಮಣ್ಣಿನಲ್ಲಿ ಅಷ್ಟೂ ಸಿಗದಿರಬಹುದು. ಆಸ್ಟ್ರೇಲಿಯಾದಲ್ಲಿ ಇದೇ ಸೊರಗುರೋಗಕ್ಕೆ ಕಬ್ಬಿಣದ ಅದಿರು ತಿನ್ನಿಸಿ ಗುಣವಾಗುವುದನ್ನು ಕಂಡು ಕಬ್ಬಿಣದ ಕೊರತೆಯೆಂದೇ ನಂಬಿದ್ದರು. ಗುಣ ಮಾಡುತ್ತಿದ್ದದ್ದು ಅದಿರಿನೊಳಗೆ ಬೆರೆತಿದ್ದ ಚೂರು ಕೋಬಾಲ್ಟ್ ಎಂದು 1935ರಲ್ಲಿ ತಿಳಿಯಿತು. ನಮ್ಮ ಮೈಲುತುತ್ತದ ಕಥೆಯೂ ಹೀಗೆಯೇ ಅಲ್ಲವೇ?

ನೀವೇ ಪರೀಕ್ಷಿಸಬಹುದು. ಇಪ್ಪತ್ತು ಮರಿಗಳಿದ್ದರೆ ಹತ್ತಕ್ಕೆ ಪಶುವೈದ್ಯರಿಂದ ಬಿ12 ಚುಚ್ಚುಮದ್ದು ಹಾಕಿಸಿ, ಹತ್ತನ್ನು ಹಾಗೇ ಬಿಡಿ. ಕಿವಿಗೆ ಗುರುತು ಮಾಡಿ, ಒಂದೂವರೆ ತಿಂಗಳಾದ ಮೇಲೆ ಎಲ್ಲವನ್ನೂ ತೂಗಿ. ಚುಚ್ಚಿದವು ಎದ್ದು ಕಾಣುವಷ್ಟು ಮುಂದಿದ್ದರೆ ಉತ್ತರ ಸಿಕ್ಕಿತು. ಆಮೇಲೆ ಕೋಬಾಲ್ಟ್ ಇರುವ ಕುರಿಯ ಖನಿಜ ಮಿಶ್ರಣವನ್ನು ತಪ್ಪದೆ ಕೊಡಿ. ಸೆಲೆನಿಯಂ ಎಂಬ ಇನ್ನೊಂದು ಖನಿಜದ ಚುಚ್ಚುಮದ್ದನ್ನು ಮಾತ್ರ ಅಂದಾಜಿನಲ್ಲಿ ಹಾಕಿಸಬೇಡಿ, ಅದರಲ್ಲೂ ಬೇಕಾದದ್ದಕ್ಕೂ ವಿಷಕ್ಕೂ ನಡುವೆ ಅಂತರ ಕಡಿಮೆ.

ತಾಮ್ರದ ಕೊರತೆ ಎಂಬುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಹುಟ್ಟಿದ ಮರಿ ಹಿಂಗಾಲು ತೂರಾಡಿಸುತ್ತಾ ಕುಸಿದರೆ ಆ ಅನುಮಾನ ಬರಲೇಬೇಕು. ಅದನ್ನು ಖಚಿತಪಡಿಸುವುದು ಯಕೃತ್ತಿನ ಪರೀಕ್ಷೆ. ಸತ್ತ ಕುರಿಯನ್ನು ಹೂಳುವ ಮುಂಚೆ ಪಶುವೈದ್ಯರಿಗೆ ಫೋನ್ ಮಾಡಿ.

ಇದರ ಜೊತೆಗೆ, ನೀವು ಕೇಳದಿದ್ದರೂ ಸುಣ್ಣದ ವಿಷಯ ಹೇಳಬೇಕು. ಹುಳಿಮಣ್ಣಿಗೆ ಸುಣ್ಣ ಹಾಕುವುದು ಬೆಳೆಗೆ ಒಳ್ಳೆಯದೇ. ಆದರೆ ಸುಣ್ಣ ಬಿದ್ದ ಮಣ್ಣಿನಿಂದ ಹುಲ್ಲು ಹೀರುವ ಕೋಬಾಲ್ಟ್, ಸತು ಕಡಿಮೆಯಾಗಿ ಮಾಲಿಬ್ಡಿನಂ ಎಂಬ ಖನಿಜ ಹೆಚ್ಚುತ್ತದೆ. ಮಾಲಿಬ್ಡಿನಂ ಕುರಿಯ ಹೊಟ್ಟೆಯಲ್ಲಿ ಗಂಧಕದೊಡನೆ ಸೇರಿ ತಾಮ್ರವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಒಂದೇ ಮನೆಯ ಅಡಿಕೆ ತೋಟದ ಹುಲ್ಲು ಕುರಿಗೆ ತಾಮ್ರದ ವಿಷವಾಗಬಹುದು, ಅದೇ ಮನೆಯ ಸುಣ್ಣ ಹಾಕಿದ ಮೇವಿನ ಮಡಿ ತಾಮ್ರದ ಕೊರತೆಗೆ ದಾರಿ ಮಾಡಬಹುದು. ಕುರಿಗಳು ಯಾವುದರಲ್ಲಿ ಮೇಯುತ್ತವೆ, ಯಾವ ವರ್ಷ ಎಷ್ಟು ಚೀಲ ಸುಣ್ಣ ಹಾಕಿದಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡು, ಆಸ್ಪತ್ರೆಗೆ ಬರುವಾಗ ಆ ಹಾಳೆಯನ್ನೂ ತನ್ನಿ.