ಅಮೆರಿಕದಲ್ಲಿ ಜಡ್ಜ್‌ಗಳೂ ಓಟು ಕೇಳ್ತಾರಾ? ಸೋತರೆ ಏನಾಗುತ್ತೆ?

ಪ್ರಶ್ನೆ: ಮಗಳು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದಾಳೆ. ಎಲೆಕ್ಷನ್ ಬಂದರೆ ಅಲ್ಲಿ ರಸ್ತೆ ಬದಿ ಜಡ್ಜ್‌ಗಳ ಹೆಸರಿನ ಬೋರ್ಡೂ ನೆಟ್ಟಿರ್ತಾರಂತೆ. ಜಡ್ಜ್ ಆದವರು ಓಟು ಕೇಳೋದು ನಿಜಾನಾ? ಸೋತರೆ ಅವರ ಕೆಲಸವೂ ಹೋಗುತ್ತಾ?

ಉತ್ತರ: ನಿಜ. ಸೋತರೆ ಕೆಲಸ ಹೋಗುವುದೂ ಉಂಟು. ನಿಮ್ಮ ಮಗಳಿರುವ ರಾಜ್ಯದಲ್ಲೇ ಈಚೆಗೆ ಇದರ ದೊಡ್ಡ ರಾಮಾಯಣ ನಡೆದಿದೆ. ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಟಿವಿಯಲ್ಲಿ ನಾವು ನೋಡುವ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಜಡ್ಜ್‌ಗಳು ಯಾರ ಓಟನ್ನೂ ಕೇಳುವುದಿಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಆಮೇಲೆ ಜೀವ ಇರುವ ತನಕ ಕುರ್ಚಿ ಅವರದೇ. ಚುನಾವಣೆ ಇರುವುದು ರಾಜ್ಯಗಳ ಕೋರ್ಟುಗಳಿಗೆ. ಅಲ್ಲೂ ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಮಿಸೌರಿಯಲ್ಲಿ ಮೇಲಿನ ಕೋರ್ಟುಗಳಿಗೆ ಮೊದಲು ನೇಮಕ ಆಗುತ್ತದೆ. ಸ್ವಲ್ಪ ಕಾಲ ಕಳೆದ ಮೇಲೆ ಇವರು ಮುಂದುವರಿಯಲಿ ಅಥವಾ ಬೇಡ ಅಂತ ಜನ ಓಟು ಹಾಕುತ್ತಾರೆ, ಎದುರಾಳಿ ಇರುವುದಿಲ್ಲ. ನಾರ್ತ್ ಕೆರೊಲಿನಾದಲ್ಲಿ ಹಾಗಲ್ಲ, ನೇರ ಜಿದ್ದಾಜಿದ್ದಿ. ಬ್ಯಾಲೆಟ್ಟಿನಲ್ಲಿ ಹೆಸರಿನ ಜೊತೆ ಪಕ್ಷವೂ ಇರುತ್ತದೆ. ನಡುವೆ ಕೆಲವು ವರ್ಷ ಮೇಲಿನ ಕೋರ್ಟುಗಳ ಚುನಾವಣೆಯಲ್ಲಿ ಪಕ್ಷದ ಹೆಸರು ತೆಗೆದಿದ್ದರು. 2018ರ ಹೊತ್ತಿಗೆ ಅದು ವಾಪಸ್ ಬಂತು.

ಅಲ್ಲಿನ ಮೇಲ್ಮನವಿ ಕೋರ್ಟಿನಲ್ಲಿ 15 ಜಡ್ಜ್‌ಗಳಿದ್ದಾರೆ. ಮೂರು ಮೂರು ಜನ ಕೂತು ಕೇಸು ಕೇಳುತ್ತಾರೆ. ಸಾಕ್ಷಿ, ಜ್ಯೂರಿ ಯಾವುದೂ ಇಲ್ಲ. ಕೆಳಗಿನ ಕೋರ್ಟು ಕಾನೂನಿನಲ್ಲಿ ಎಡವಿದೆಯಾ ಅಂತ ಕಡತ ಓದಿ ಹೇಳುವುದಷ್ಟೇ ಕೆಲಸ. ಅದರ ಮೇಲೆ 7 ಜನರ ರಾಜ್ಯ ಸುಪ್ರೀಂ ಕೋರ್ಟು. ಎರಡಕ್ಕೂ ಅವಧಿ 8 ವರ್ಷ, ಎರಡಕ್ಕೂ ಇಡೀ ರಾಜ್ಯವೇ ಒಂದು ಕ್ಷೇತ್ರ. ಆಶ್‌ವಿಲ್‌ನ ಬೆಟ್ಟದವರಿಂದ ಹಿಡಿದು ವಿಲ್ಮಿಂಗ್ಟನ್ನಿನ ಕಡಲ ತೀರದವರ ತನಕ ಎಲ್ಲರೂ ಓಟು ಹಾಕಬೇಕು. ಕಡತ ಓದುವ ಜಡ್ಜ್ ಯಾರು, ಹೇಗೆ ಅಂತ ಇವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತೆ ಹೇಳಿ? ಬಹುಪಾಲು ಜನ ಪಕ್ಷ ನೋಡಿ ಗುರುತು ಹಾಕಿ ಬರುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಈಗ ರಾಮಾಯಣಕ್ಕೆ ಬರೋಣ. ಜೆಫರ್ಸನ್ ಗ್ರಿಫಿನ್ ರಿಪಬ್ಲಿಕನ್. ರಾಲಿ ನಗರವಿರುವ ವೇಕ್ ಕೌಂಟಿಯಲ್ಲಿ ಸರ್ಕಾರಿ ವಕೀಲರಾಗಿದ್ದವರು. 2015ರಲ್ಲಿ ಗವರ್ನರ್ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿ ಥರದ ಹುದ್ದೆ) ಪ್ಯಾಟ್ ಮೆಕ್ರೋರಿ ಅವರನ್ನು ಅಲ್ಲಿನ ಜಿಲ್ಲಾ ಕೋರ್ಟಿಗೆ ನೇಮಿಸಿದರು. 2020ರಲ್ಲಿ ಚುನಾವಣೆಗೆ ನಿಂತು ಮೇಲ್ಮನವಿ ಕೋರ್ಟಿಗೆ ಹೋದರು. 2024ರಲ್ಲಿ ಇನ್ನೊಂದು ಮೆಟ್ಟಿಲು ಹತ್ತೋಣ ಅಂತ ಸುಪ್ರೀಂ ಕೋರ್ಟಿಗೆ ನಿಂತರು. ಎದುರಿಗೆ ಡೆಮಾಕ್ರಟಿಕ್ ಪಕ್ಷದ ಆಲಿಸನ್ ರಿಗ್ಸ್. ಮತದಾನದ ಹಕ್ಕಿನ ಕೇಸು ನಡೆಸುತ್ತಿದ್ದ ವಕೀಲೆ. ಸ್ವಲ್ಪ ದಿನ ಗ್ರಿಫಿನ್ ಇದ್ದ ಕೋರ್ಟಿನಲ್ಲೇ ಜಡ್ಜ್ ಆಗಿದ್ದು, 2023ರಲ್ಲಿ ಗವರ್ನರ್ ರಾಯ್ ಕೂಪರ್ ನೇಮಕದಿಂದ ಸುಪ್ರೀಂ ಕೋರ್ಟಿಗೆ ಹೋದವರು.

ಎಣಿಕೆಯ ರಾತ್ರಿ ಗ್ರಿಫಿನ್ ಸುಮಾರು 10 ಸಾವಿರ ಓಟು ಮುಂದಿದ್ದರು. ಅಂಚೆ ಓಟು, ಪರಿಶೀಲನೆಗೆ ಇಟ್ಟಿದ್ದ ಓಟು ಎಲ್ಲ ಎಣಿಸಿದ ಮೇಲೆ ರಿಗ್ಸ್ ಮುಂದೆ ಬಂದರು. ಅಂತರ 734. ಚಲಾವಣೆ ಆಗಿದ್ದು 55 ಲಕ್ಷದಷ್ಟು ಓಟು! ಎರಡು ಸಲ ಮರುಎಣಿಕೆಯಾದರೂ ಫಲಿತಾಂಶ ಬದಲಾಗಲಿಲ್ಲ.

ಗ್ರಿಫಿನ್ ಒಪ್ಪಲಿಲ್ಲ. 65 ಸಾವಿರಕ್ಕೂ ಜಾಸ್ತಿ ಓಟು ತಳ್ಳಿಹಾಕಿ ಅಂದರು. ಅದರಲ್ಲಿ 60 ಸಾವಿರದಷ್ಟು ಜನರ ಮೇಲಿನ ಆಕ್ಷೇಪ ಏನು ಗೊತ್ತಾ? ವೋಟರ್ ದಾಖಲೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರೋ, ಸೋಶಿಯಲ್ ಸೆಕ್ಯೂರಿಟಿ ನಂಬರಿನ (ನಮ್ಮ ಆಧಾರ್ ಥರ ಅಲ್ಲಿ ಬಳಸುವ ನಂಬರು) ಕೊನೆಯ ನಾಲ್ಕು ಅಂಕಿಯೋ ಇಲ್ಲ ಅಂತ. ಹಳೆಯ ಫಾರಂನಲ್ಲಿ ಅದು ಕಡ್ಡಾಯ ಅಂತ ಸ್ಪಷ್ಟವಾಗಿ ಇರಲಿಲ್ಲ. ಕೆಲವರು ನಂಬರ್ ಕೊಟ್ಟಿದ್ದರೂ ಕಂಪ್ಯೂಟರಿನಲ್ಲಿ ತಾಳೆಯಾಗದೆ ಬಿಟ್ಟುಹೋಗಿತ್ತು. ಆ ಪಟ್ಟಿಯಲ್ಲಿ ರಿಗ್ಸ್ ಅವರ ಅಪ್ಪ ಅಮ್ಮನ ಹೆಸರೂ ಇತ್ತು. ಇನ್ನೊಂದು ಗುಂಪು ಹೊರದೇಶದಲ್ಲಿರುವ ಸೈನಿಕರು ಮತ್ತು ನಾಗರಿಕರದು. ಫೋಟೊ ಗುರುತಿನ ಚೀಟಿಯ ಪ್ರತಿ ಕಳಿಸಿಲ್ಲ ಅಂತ ಅವರ ಮೇಲೆ ಆಕ್ಷೇಪ. ಅದನ್ನು ಕಳಿಸಬೇಕಿಲ್ಲ ಅಂತ ಚುನಾವಣಾ ಮಂಡಳಿಯ ನಿಯಮವೇ ಹೇಳಿತ್ತು. ಇದೇ ಜನ ಇದೇ ಬ್ಯಾಲೆಟ್ಟಿನಲ್ಲಿ ಅಧ್ಯಕ್ಷರಿಗೂ ಗವರ್ನರಿಗೂ ಓಟು ಹಾಕಿದ್ದರು. ಆ ಫಲಿತಾಂಶಗಳ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ.

ನನಗೆ ಇಡೀ ಕತೆಯಲ್ಲಿ ಇಕ್ಕಟ್ಟು ಕಾಣುವುದು ಮುಂದೆ. ಜಡ್ಜ್ ಚುನಾವಣೆಯ ತಕರಾರನ್ನು ತೀರ್ಮಾನಿಸುವವರೂ ಜಡ್ಜ್‌ಗಳೇ ಅಲ್ವಾ? ಅವರೂ ಪಕ್ಷದ ಹೆಸರಿನಲ್ಲೇ ಗೆದ್ದು ಬಂದವರು, ಅಥವಾ ನಾಳೆ ನಿಲ್ಲಬೇಕಾದವರು. ಕೇಸು ಗ್ರಿಫಿನ್ ಅವರ ಸ್ವಂತ ಕೋರ್ಟಿಗೆ ಹೋಯಿತು, ಆಮೇಲೆ ರಿಗ್ಸ್ ಅವರ ಕೋರ್ಟಿಗೆ. ಇಬ್ಬರೂ ಪೀಠದಿಂದ ದೂರ ಉಳಿದರು, ಸರಿ. ಕೂತವರು ಸಹೋದ್ಯೋಗಿಗಳು ತಾನೆ?

2025ರ ಏಪ್ರಿಲ್ 4ರಂದು ಮೇಲ್ಮನವಿ ಕೋರ್ಟಿನ ಮೂವರಲ್ಲಿ ಇಬ್ಬರು ರಿಪಬ್ಲಿಕನ್ನರು ಗ್ರಿಫಿನ್ ಪರ ಬರೆದರು. ಡೆಮಾಕ್ರಟ್ ಆದ ಟೋಬಿ ಹ್ಯಾಂಪ್ಸನ್ ವಿರೋಧಿಸಿದರು. ಒಂದು ವಾರ ಕಳೆದು ರಾಜ್ಯ ಸುಪ್ರೀಂ ಕೋರ್ಟು ಆ 60 ಸಾವಿರ ಓಟು ಎಣಿಸಲೇಬೇಕು ಅಂದಿತು, ಹೊರದೇಶದವರು ಮಾತ್ರ 30 ದಿನದಲ್ಲಿ ಗುರುತಿನ ಚೀಟಿ ತೋರಿಸಲಿ ಅಂತ ಹೇಳಿತು. ಎಲ್ಲರೂ ಪಕ್ಷದ ಗೆರೆಯಲ್ಲೇ ನಿಂತರು ಅಂದುಕೊಂಡರೆ ತಪ್ಪಾಗುತ್ತದೆ. ರಿಪಬ್ಲಿಕನ್ ಜಡ್ಜ್ ರಿಚರ್ಡ್ ಡೀಟ್ಜ್ ಈ ಹೊರದೇಶದ ವಿಷಯದಲ್ಲಿ ತಮ್ಮ ಪಕ್ಷದವರ ಜೊತೆ ಹೋಗಲಿಲ್ಲ. ಕೊನೆಗೆ ಮೇ 5ರಂದು ಫೆಡರಲ್ ಜಡ್ಜ್ (ಅಂದರೆ ರಾಜ್ಯದ್ದಲ್ಲ, ಕೇಂದ್ರದ ಕೋರ್ಟಿನವರು) ರಿಚರ್ಡ್ ಮೈಯರ್ಸ್, ಚುನಾವಣೆ ಮುಗಿದ ಮೇಲೆ ನಿಯಮ ಬದಲಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಇವರನ್ನು ನೇಮಿಸಿದ್ದು ಟ್ರಂಪ್. ಎರಡು ದಿನದಲ್ಲಿ ಗ್ರಿಫಿನ್ ಸೋಲು ಒಪ್ಪಿಕೊಂಡರು. ಓಟು ಹಾಕಿ ಆರು ತಿಂಗಳಾಗಿತ್ತು.

ಕೆಲಸ ಹೋಯಿತಾ ಅಂತ ಕೇಳಿದ್ದಿರಿ. ಗ್ರಿಫಿನ್ ಅವರದು ಹೋಗಲಿಲ್ಲ. ಮೇಲ್ಮನವಿ ಕೋರ್ಟಿನಲ್ಲಿ ಅವರ 8 ವರ್ಷ 2028ರ ತನಕ ಇದೆ, ಹಾಗಾಗಿ ಹಳೇ ಕುರ್ಚಿಗೆ ಧಕ್ಕೆ ಇಲ್ಲ. ಆದರೆ 2020ರಲ್ಲಿ ಅವರ ಎದುರು ಸೋತ ಕ್ರಿಸ್ ಬ್ರೂಕ್ ಆ ಕುರ್ಚಿಯಲ್ಲೇ ಇದ್ದವರು; ಜಡ್ಜ್‌ಗಿರಿ ಹೋಗಿ ಮತ್ತೆ ವಕೀಲಿಕೆಗೆ ಬಂದರು. ಅದೇ ವರ್ಷ ರಾಜ್ಯದ ಮುಖ್ಯ ನ್ಯಾಯಮೂರ್ತಿ ಶೆರಿ ಬೀಸ್ಲಿ ಬರೀ 401 ಓಟಿನಿಂದ ಪೌಲ್ ನ್ಯೂಬಿಗೆ ಸೋತು ಮನೆಗೆ ಹೋದರು. ಮುಂದೆ 2022ರಲ್ಲಿ ಸೆನೆಟ್ ಚುನಾವಣೆಗೂ ನಿಂತರು, ಅಲ್ಲೂ ಗೆಲ್ಲಲಿಲ್ಲ. ನಮ್ಮ ಹೈಕೋರ್ಟ್ ಜಡ್ಜ್‌ಗಳಿಗೆ 62 ವರ್ಷದ ತನಕ ಇಂಥ ಭಯ ಇಲ್ಲ. ಅವರನ್ನು ಆರಿಸುವ ಕೊಲಿಜಿಯಂ ಬಗ್ಗೆ ನಮಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ದಿನಕ್ಕಿರಲಿ.

ನಿಮ್ಮ ಮಗಳು ಅಲ್ಲಿಯ ನಾಗರಿಕಳಾಗಿದ್ದರೆ ಒಂದು ಮಾತು ಹೇಳಿ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಓಟಿಲ್ಲ, ಚಿಂತೆಯೂ ಇಲ್ಲ. ಈ ಗಲಾಟೆ ಮುಗಿದ ಮೇಲೆ, 2025ರ ಜುಲೈನಲ್ಲಿ, ಅಲ್ಲಿನ ಚುನಾವಣಾ ಮಂಡಳಿ ನಂಬರ್ ಇಲ್ಲದ ಒಂದು ಲಕ್ಷದಷ್ಟು ದಾಖಲೆ ಸರಿಪಡಿಸಲು ಹೊರಟಿತು. ಮಂಡಳಿಯ ವೆಬ್‌ಸೈಟಿನಲ್ಲಿ ತನ್ನ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ಅವಳು ಹುಡುಕಿ ನೋಡಲಿ. ಇದ್ದರೆ ಲೈಸೆನ್ಸ್ ನಂಬರ್ ಕೊಟ್ಟರೆ ಸಾಕು.