ಬ್ಯಾಗ್ ಪ್ಯಾಕ್ ಮಾಡಿದ್ದು ಯಾರು? ನಿಮ್ಮ ಗೆಳೆಯರು ಯಾರು?

ಇಸ್ರೇಲ್‌ಗೆ ಹೋಗಿಬಂದವರು ಬೇರೇನು ಮರೆತರೂ ವಿಮಾನ ನಿಲ್ದಾಣದ ಪ್ರಶ್ನೆಗಳನ್ನು ಮರೆಯುವುದಿಲ್ಲ. ಮಂಗಳೂರು, ಉಡುಪಿ ಕಡೆಯಿಂದ ವಯಸ್ಸಾದವರ ಆರೈಕೆ ಕೆಲಸಕ್ಕೆ ಅಲ್ಲಿಗೆ ಹೋದ ನಮ್ಮವರಿಗೂ ಅವು ಹೊಸದಲ್ಲ. ಬ್ಯಾಗ್ ಪ್ಯಾಕ್ ಮಾಡಿದ್ದು ಯಾರು? ಯಾರಾದರೂ ಏನಾದರೂ ಕೊಟ್ಟು ಕಳಿಸಿದ್ದಾರಾ? ಇಲ್ಲಿ ನಿಮಗೆ ಯಾರು ಯಾರು ಗೊತ್ತು? ನಮ್ಮವರಿಗೆ ಇದು ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಅರಬ್ ಹೆಸರಿನವರಿಗೆ ಪ್ರಶ್ನೆ ಅಪ್ಪನ ಹೆಸರಿಗೆ ಹೋಗುತ್ತದೆ, ಅಲ್ಲಿಂದ ಅಜ್ಜನ ಹೆಸರಿಗೆ. ಆಮೇಲೆ ಪಕ್ಕದ ಕೋಣೆ.

ಇದರ ಹಿಂದೆ ನಿಜವಾದ ಭಯ ಇತ್ತು. ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. 1968ರ ಜುಲೈನಲ್ಲಿ ರೋಮ್‌ನಿಂದ ಹೊರಟ, ಇಸ್ರೇಲಿನ ವಿಮಾನ ಸಂಸ್ಥೆ ಎಲ್ ಆಲ್‌ನ ವಿಮಾನವನ್ನು ಪ್ಯಾಲೆಸ್ತೀನಿ ಸಶಸ್ತ್ರ ಗುಂಪೊಂದು ಅಲ್ಜೀರ್ಸ್‌ಗೆ ಅಪಹರಿಸಿತು. 1972ರ ಮೇ 30ರಂದು ಲೋದ್ ನಿಲ್ದಾಣದಲ್ಲಿ ಮೂವರು ಬಂದೂಕು ತೆಗೆದು 26 ಜನರನ್ನು ಕೊಂದರು. ಇವತ್ತಿನ ಬೆನ್ ಗುರಿಯನ್ ನಿಲ್ದಾಣ ಇದೇ. ಸತ್ತವರಲ್ಲಿ ಹೆಚ್ಚಿನವರು ಪೋರ್ಟೊರಿಕೊದಿಂದ ಬಂದ ಯಾತ್ರಿಕರು.

ಕೊಂದವರು ಅರಬರಾಗಿರಲಿಲ್ಲ. ಪ್ಯಾಲೆಸ್ತೀನಿ ಗುಂಪಿನ ಪರವಾಗಿ ಬಂದಿದ್ದ ಜಪಾನಿ ಯುವಕರು. ಪಿಟೀಲಿನ ಪೆಟ್ಟಿಗೆಗಳಲ್ಲಿ ಬಂದೂಕು ತಂದಿದ್ದರು. ಅವರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

1986ರ ಏಪ್ರಿಲ್‌ನ ಕತೆಯೂ ಹಾಗೇ. ಲಂಡನ್‌ನ ಹೀಥ್ರೂದಲ್ಲಿ ಐರ್ಲೆಂಡಿನ ಬಸುರಿ ಹೆಂಗಸೊಬ್ಬಳು ಟೆಲ್ ಅವೀವ್ ವಿಮಾನ ಹತ್ತಲು ಬಂದಳು. ಎಲ್ ಆಲ್ ಸಿಬ್ಬಂದಿ ಮಾತಾಡಿಸಿದರು. ಬ್ಯಾಗ್ ಖಾಲಿ ಮಾಡಿದ ಮೇಲೂ ಭಾರ ಜಾಸ್ತಿ ಅನ್ನಿಸಿತು. ಸುಳ್ಳು ತಳದ ಕೆಳಗೆ ಸುಮಾರು ಒಂದೂವರೆ ಕಿಲೋ ಸೆಮ್‌ಟೆಕ್ಸ್ ಸ್ಫೋಟಕ ಇತ್ತು. ಇಟ್ಟವನು ಅವಳನ್ನು ಮದುವೆಯಾಗುವುದಾಗಿ ನಂಬಿಸಿದ್ದ ಜೋರ್ಡಾನ್ ಮೂಲದ ನೆಜಾರ್ ಹಿಂದಾವಿ. ಅವಳಿಗೆ ಏನೂ ಗೊತ್ತಿರಲಿಲ್ಲ. ಅವನಿಗೆ 45 ವರ್ಷ ಜೈಲಾಯಿತು.

ಈ ಎರಡು ಘಟನೆಗಳಿಂದ ಕಲಿಯಬೇಕಾದ ಪಾಠ ಸರಳ. ಮುಖ ನೋಡಿ ಅಪಾಯ ಗೊತ್ತಾಗುವುದಿಲ್ಲ, ಬ್ಯಾಗ್ ನೋಡಬೇಕು. ಆದರೆ ವರ್ಷ ಕಳೆದಂತೆ ವ್ಯವಸ್ಥೆ ಹೆಸರು ಹಿಡಿದೇ ಜನರನ್ನು ಬೇರೆ ಮಾಡುವುದಕ್ಕೆ ಒಗ್ಗಿಹೋಯಿತು. ಇಸ್ರೇಲಿನ ಪ್ರಜೆಗಳಲ್ಲಿ ಐದರಲ್ಲಿ ಒಬ್ಬರು ಅರಬರು. ನಿಲ್ದಾಣದ ದಾರಿಯ ಗೇಟಿನಲ್ಲೇ ಕಾವಲುಗಾರ ಕಾರಿನ ಗಾಜು ಇಳಿಸಲು ಹೇಳಿ ಎರಡು ಮಾತಾಡಿಸುತ್ತಾನೆ. ಹೀಬ್ರೂ ಉಚ್ಚಾರ ಕೇಳಿದರೆ ಸಾಕು, ಯಾವ ಕಾರು ಪಕ್ಕಕ್ಕೆ ಹೋಗಬೇಕು ಅಂತ ತೀರ್ಮಾನ ಆಗಿರುತ್ತದೆ.

ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ಒಂದು ಊರಿದೆ. ಹೀಬ್ರೂನಲ್ಲಿ ನೆವೆ ಶಾಲೋಮ್, ಅರಬ್ಬಿಯಲ್ಲಿ ವಾಹತ್ ಅಸ್-ಸಲಾಮ್. 1970ರ ದಶಕದಲ್ಲಿ ಬ್ರೂನೊ ಹುಸ್ಸಾರ್ ಎಂಬ ಪಾದ್ರಿ ಕಟ್ಟಿದ್ದು. ಅಲ್ಲಿ ಯಹೂದಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳು ತಾವಾಗಿಯೇ ಬಯಸಿ ಒಟ್ಟಿಗೆ ಇವೆ. ಮಕ್ಕಳು ಒಂದೇ ಶಾಲೆಯಲ್ಲಿ ಎರಡೂ ಭಾಷೆ ಕಲಿಯುತ್ತಾರೆ. ಇಂಥ ಊರಿನ ಇಬ್ಬರು ಗೆಳೆಯರು ಒಟ್ಟಿಗೆ ವಿಮಾನ ಹತ್ತಲು ಹೊರಟರು ಅನ್ನಿ. ಒಬ್ಬನದು ಬೇಗ ಮುಗಿದು ಕಾಫಿ ಕುಡಿಯುತ್ತಾ ಕೂತಿರುತ್ತಾನೆ. ಇನ್ನೊಬ್ಬನ ಬಟ್ಟೆಬರೆ ಎಲ್ಲರೆದುರು ಮೇಜಿನ ಮೇಲೆ ಹರಡಿರುತ್ತದೆ. ಆಮೇಲೆ ಇಬ್ಬರೂ ಅಕ್ಕಪಕ್ಕ ಕೂತಾಗ ಯಾರು ಮೊದಲು ಮಾತಾಡಬೇಕು? ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ನೋವು ಕೊಡುವುದು ಆ ಮೌನ.

2007ರಲ್ಲಿ ಇಸ್ರೇಲಿನ ನಾಗರಿಕ ಹಕ್ಕುಗಳ ಸಂಘ ಈ ಭೇದದ ತಪಾಸಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬರಲು 2015 ಆಯಿತು. ಅಷ್ಟರಲ್ಲಿ ಸರಕಾರ ಸಾಮಾನು ತಪಾಸಣೆಗೆ ಹೊಸ ಯಂತ್ರಗಳನ್ನು ತಂದಿತ್ತು. ಬದಲಾವಣೆ ನಡೆಯುತ್ತಿದೆ ಎಂದು ಹೇಳಿ ಕೋರ್ಟು ಅರ್ಜಿಯನ್ನು ಬದಿಗಿಟ್ಟಿತು. ಮತ್ತೆ ಬರುವ ಬಾಗಿಲು ಮಾತ್ರ ಮುಚ್ಚಲಿಲ್ಲ. ಹೆಸರು ನೋಡಿ ಬೇರೆ ಮಾಡುವುದು ಸರಿಯೋ ತಪ್ಪೋ ಎಂಬ ಮೂಲ ಪ್ರಶ್ನೆ ಹಾಗೇ ಉಳಿಯಿತು.

ಇದೆಲ್ಲ ಇಸ್ರೇಲಿ ಪಾಸ್‌ಪೋರ್ಟ್ ಇದ್ದವರ ಮಾತು. ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರಿಗೆ ಆ ನಿಲ್ದಾಣವೇ ಇಲ್ಲ ಅನ್ನಬಹುದು. ವಿಶೇಷ ಅನುಮತಿ ಸಿಗದಿದ್ದರೆ ಗಡಿಯ ಅಲೆನ್‌ಬಿ ಸೇತುವೆ ದಾಟಿ ಜೋರ್ಡಾನಿನ ಅಮ್ಮಾನ್‌ಗೆ ಹೋಗಿಯೇ ವಿಮಾನ ಹಿಡಿಯಬೇಕು. ಗಾಜಾದಲ್ಲಿ 1998ರಲ್ಲಿ ಒಂದು ನಿಲ್ದಾಣ ಶುರುವಾಗಿತ್ತು. ಎರಡು ವರ್ಷವೂ ಸರಿಯಾಗಿ ನಡೆಯಲಿಲ್ಲ. ಆಮೇಲೆ ಇಸ್ರೇಲ್ ಸೇನೆ ಅದರ ರನ್‌ವೇಯನ್ನೇ ಅಗೆದು ಹಾಕಿತು.

ಹೀಗಿದ್ದರೂ ಒಟ್ಟಿಗೆ ಇರಬೇಕು ಅಂದವರು ದಾರಿ ಹುಡುಕಿದ್ದಾರೆ. ಯಹೂದಿ ಸಂಗೀತ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬಾಯ್ಮ್ ಮತ್ತು ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಚಿಂತಕ ಎಡ್ವರ್ಡ್ ಸೈದ್ ಆಪ್ತ ಗೆಳೆಯರು. 1999ರಲ್ಲಿ ಇಬ್ಬರೂ ಸೇರಿ ಇಸ್ರೇಲಿ ಮತ್ತು ಅರಬ್ ಹುಡುಗ ಹುಡುಗಿಯರ ವಾದ್ಯವೃಂದ ಕಟ್ಟಿದರು. ಸೈದ್ 2003ರಲ್ಲಿ ತೀರಿಹೋದರು. 2005ರ ಆಗಸ್ಟಿನಲ್ಲಿ ಆ ವೃಂದ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿ ನಗರ ರಾಮಲ್ಲಾದಲ್ಲಿ ನುಡಿಸಬೇಕಿತ್ತು. ಇಸ್ರೇಲಿಗಳು ರಾಮಲ್ಲಾಕ್ಕೆ ಹೋಗುವುದನ್ನು ಅವರ ಕಾನೂನೇ ತಡೆಯುತ್ತದೆ. ಸಿರಿಯಾ, ಲೆಬನಾನ್‌ನವರು ಇಸ್ರೇಲಿನ ನೆಲ ಮುಟ್ಟುವಂತಿಲ್ಲ. ಕೊನೆಗೆ ಸ್ಪೇನ್ ಸರಕಾರ ಆ ಎಳೆಯರಿಗೆಲ್ಲ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಟ್ಟಿತು. ಒಂದು ಸಂಜೆ ಬೀಥೋವನ್ ನುಡಿಸಲು ಮೂರನೇ ದೇಶದ ಪ್ರತಿನಿಧಿಗಳಾಗಬೇಕಾಯಿತು. ಆದರೂ ನುಡಿಸಿದರು.

ಈ ಹತ್ತು ವರ್ಷಗಳಲ್ಲಿ ಇನ್ನೊಂದು ಬದಲಾವಣೆ ಕಾಣುತ್ತಿದೆ. ಅನುಮಾನ ಈಗ ಹೆಸರಿನ ಜೊತೆಗೆ ಗೆಳೆತನದ ಮೇಲೂ ಬೀಳುತ್ತಿದೆ. 2018ರ ಆಗಸ್ಟಿನಲ್ಲಿ ಅಮೆರಿಕದ ಯಹೂದಿ ಪತ್ರಕರ್ತ ಪೀಟರ್ ಬೈನಾರ್ಟ್ ಅವರನ್ನು ಬೆನ್ ಗುರಿಯನ್‌ನಲ್ಲಿ ತಡೆದು, ಅವರ ರಾಜಕೀಯ ಚಟುವಟಿಕೆಗಳ ಬಗ್ಗೆ ಸುಮಾರು ಒಂದು ಗಂಟೆ ವಿಚಾರಿಸಿದರು. ಪ್ಯಾಲೆಸ್ತೀನಿಯರ ಜೊತೆ ನಿಂತು ಪ್ರತಿಭಟಿಸಿದ್ದ ಯಹೂದಿ ಅವರು. ಇದು ಆಡಳಿತದ ತಪ್ಪು ಎಂದು ಪ್ರಧಾನಿ ನೆತನ್ಯಾಹು ಕಚೇರಿ ಆಮೇಲೆ ಹೇಳಿತು.

ಬೇರೆ ದೇಶದ ಗಡಿಯಲ್ಲೂ ಇದು ನಡೆಯಿತು. 2025ರ ಜೂನ್‌ನಲ್ಲಿ ಔದಾ ಹಥಲೀನ್ ತಮ್ಮ ಬಂಧು ಒಬ್ಬರ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರು. ಔದಾ ಪಶ್ಚಿಮ ದಂಡೆಯ ಉಮ್ಮ್ ಅಲ್-ಖೈರ್ ಎಂಬ ಚಿಕ್ಕ ಹಳ್ಳಿಯವರು, ಇಂಗ್ಲಿಷ್ ಮೇಷ್ಟ್ರು, ಮೂರು ಮಕ್ಕಳ ಅಪ್ಪ. ಅವರನ್ನು ಕರೆದಿದ್ದು ಕ್ಯಾಲಿಫೋರ್ನಿಯಾದ ಒಂದು ಯಹೂದಿ ಪ್ರಾರ್ಥನಾ ಮಂದಿರ. ಕೈಯಲ್ಲಿ ವೀಸಾ ಇತ್ತು. ಗಡಿ ಅಧಿಕಾರಿಗಳು ತಡೆದು ಇಬ್ಬರನ್ನೂ ವಾಪಸ್ ಕಳಿಸಿದರು. ಕರೆದವರ ಮುಖ ನೋಡಲೂ ಆಗಲಿಲ್ಲ.

ಜುಲೈ 28ರಂದು ಔದಾ ತಮ್ಮ ಹಳ್ಳಿಯಲ್ಲೇ ಗುಂಡಿಗೆ ಬಲಿಯಾದರು. ಹಾರಿಸಿದ್ದು ಪಶ್ಚಿಮ ದಂಡೆಗೆ ಬಂದು ನೆಲೆಸಿದ ಇಸ್ರೇಲಿ ವಸಾಹತುಗಾರ ಎಂದು ಊರವರು ಹೇಳಿದರು. ಸಾವಿನ ಮನೆಯಲ್ಲಿ ಚಪ್ಪರ ಹಾಕಿದ್ದರು. ಸೇನೆ ಬಂದು ಅದನ್ನು ನಿರ್ಬಂಧಿತ ಸೇನಾ ಪ್ರದೇಶ ಎಂದು ಘೋಷಿಸಿತು. ದುಃಖ ಹಂಚಿಕೊಳ್ಳಲು ಹೊರಗಿನಿಂದ ಬಂದಿದ್ದ ಗೆಳೆಯರು ಎದ್ದು ಹೋಗಬೇಕಾಯಿತು.